ಚೀನಾದ ಶುಯ್‌ಸೋಂಗ್ ಮರದ ಬೇರಿನಿಂದ ಬಾಟಲಿ ಬಿರಡೆ ಮಾಡುತ್ತಿದ್ದರಂತೆ, ಹೇಗೆ?

ಬೇರು ಬೆಂಡಿನಷ್ಟು ಹಗುರ, ಅದಕ್ಕೇ. ಶುಯ್‌ಸೋಂಗ್ ಎಂದರೆ ‘ನೀರು ಪೈನ್’. ಸಸ್ಯಶಾಸ್ತ್ರದ ಹೆಸರು ಗ್ಲಿಪ್ಟೊಸ್ಟ್ರೋಬಸ್ ಪೆನ್ಸಿಲಿಸ್. ಜೌಗಿನಲ್ಲೇ ನಿಲ್ಲುವ ಮರ. ಕೆಸರಿನೊಳಗೆ ಗಾಳಿ ಕಡಿಮೆ, ಹಾಗಾಗಿ ಬೇರಿನ ಕಟ್ಟಿಗೆ ಗಟ್ಟಿಯಾಗದೆ ಸ್ಪಂಜಿನಂತೆ ಪೊಳ್ಳು ಪೊಳ್ಳಾಗಿ ಗಾಳಿ ತುಂಬಿಕೊಂಡಿರುತ್ತದೆ. ಒಣಗಿಸಿದರೆ ನೀರಲ್ಲಿ ತೇಲುತ್ತದೆ. ಬಿರಡೆಗೂ ಆಯಿತು, ತೇಲುಬುರುಡೆಗೂ ಆಯಿತು. ದಕ್ಷಿಣ ಚೀನಾದಲ್ಲಿ ಗದ್ದೆ ಬದು, ಕಾಲುವೆ ದಂಡೆ ಕುಸಿಯದಿರಲೆಂದು ಇದನ್ನು ನೆಡುವುದೂ ಉಂಟು. ಕಾಂಡದ ಮರಕ್ಕೆ ಸುವಾಸನೆ, ಬೇಗ ಕೊಳೆಯುವುದೂ ಇಲ್ಲ. ಅದಕ್ಕಾಗಿ ಜನ ಕಡಿದು ಕಡಿದು, ಆ ಗುಣವೇ ಮರಕ್ಕೆ ಮುಳುವಾಯಿತು ಅನ್ನಿ. ಇದೇ ಕುಲದ ಮರಗಳ ಪಳೆಯುಳಿಕೆ ಯುರೋಪ್, ಉತ್ತರ ಅಮೆರಿಕದಲ್ಲೂ ಸಿಕ್ಕಿದೆ. ಈಗ ಕಾಡಿನಲ್ಲಿ ತಾನಾಗಿ ಬೆಳೆದ ಮರ ಚೀನಾ, ವಿಯೆಟ್ನಾಂ, ಲಾವೋಸ್‌ನಲ್ಲಿ ಅಳಿದುಳಿದಷ್ಟೇ.