ಚಿಕ್ಕಬಳ್ಳಾಪುರದ ಕಡೆ ಹಿತ್ತಲಲ್ಲಿ ಮೊಟ್ಟೆಗೂ ಮಾಂಸಕ್ಕೂ ಯಾವ ಕೋಳಿ ಸಾಕಬಹುದು? ಹೇಗೆ?

ಮನೆ ಮಟ್ಟಿಗೆ ಗಿರಿರಾಜ ಅಥವಾ ಸ್ವರ್ಣಧಾರ ಒಳ್ಳೆಯದು. ಎರಡೂ ಬೆಂಗಳೂರಲ್ಲೇ ಬೆಳೆಸಿದ ತಳಿ. ಹುಂಜಗಳನ್ನು ಮೂರು–ನಾಲ್ಕು ತಿಂಗಳಿಗೆ ಕೊಯ್ಯಬಹುದು, ಹೇಟೆಗಳು ಆರನೇ ತಿಂಗಳ ಹೊತ್ತಿಗೆ ಮೊಟ್ಟೆಗೆ ಬರುತ್ತವೆ. ಆದರೆ ಇವು ಕಾವಿಗೆ ಕೂರುವುದು ಅಪರೂಪ. ಮರಿ ಮಾಡಿಸಲು ನಾಟಿ ಹೇಟೆಯೊಂದು ಇರಲಿ. ಅದರಡಿ 10–12 ಮೊಟ್ಟೆ ಇಟ್ಟರೆ 21ನೇ ದಿನಕ್ಕೆ ಮರಿ.

ಕೊಂಡು ತಂದ ಮರಿಗಳು ಸಾಯುವುದು ಹೆಚ್ಚಾಗಿ ಮೊದಲ ಮೂರು ವಾರದಲ್ಲಿ, ಚಳಿಗೆ. ನೆಲಕ್ಕೆ ಎರಡಂಗುಲ ಭತ್ತದ ಹೊಟ್ಟು ಹರಡಿ, 25 ಮರಿಗೆ 60 ವ್ಯಾಟಿನ ಹಳೇ ಗುಂಡು ಬಲ್ಬು ಒಂದಡಿ ಎತ್ತರದಲ್ಲಿ ಕಟ್ಟಿ. ಎಲ್‌ಇಡಿ ಬೇಡ, ಅದಕ್ಕೆ ಕಾವೇ ಇಲ್ಲ. ಮರಿಗಳು ಬಲ್ಬಿನಡಿ ಒಂದರ ಮೇಲೊಂದು ಬಿದ್ದು ಕಿರುಚಿದರೆ ಬಲ್ಬು ಇಳಿಸಿ. ದೂರ ಸರಿದು ಬಾಯಿ ತೆರೆದುಕೊಂಡಿದ್ದರೆ ಏರಿಸಿ.

ಕೋಳಿಗಳಿಗೆ ಹರಡುವ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಮಾತ್ರ ತಪ್ಪಿಸಬೇಡಿ: 5–7ನೇ ದಿನ ಕಣ್ಣಿಗೆ ಹನಿ, 28ನೇ ದಿನ ಮತ್ತೊಮ್ಮೆ, ಎಂಟನೇ ವಾರ ರೆಕ್ಕೆಯಡಿ ಚುಚ್ಚುಮದ್ದು. ಸೀಸೆಯನ್ನು ಮಂಜುಗಡ್ಡೆಯಲ್ಲೇ ತನ್ನಿ. ಬಿಸಿಯಾದ ಲಸಿಕೆ ಹಾಕಿಯೂ ವ್ಯರ್ಥ.

ದೊಡ್ಡ ಕೋಳಿಗೆ ದಿನಕ್ಕೆ 100–120 ಗ್ರಾಂ ಮೇವು ಬೇಕು. ಹಿತ್ತಲಲ್ಲಿ ಕೆದಕಿ ತಿಂದಷ್ಟು ಉಳಿತಾಯ. ಬರೀ ರಾಗಿ ಚೆಲ್ಲಿದರೆ ಪ್ರೋಟೀನು ಸಾಲದೆ ಮೊಟ್ಟೆ ಕಮ್ಮಿಯಾಗುತ್ತದೆ. ರಾಗಿ, ಮುಸುಕಿನ ಜೋಳದ ನುಚ್ಚಿಗೆ ಕಡಲೆಕಾಯಿ ಹಿಂಡಿ ಬೆರೆಸಿ. ಬೂಷ್ಟು ಹಿಡಿದ ಹಿಂಡಿ ಅಗ್ಗಕ್ಕೆ ಸಿಕ್ಕರೂ ಬೇಡ, ಪಿತ್ತಜನಕಾಂಗ ಕೆಡುತ್ತದೆ. ಮೊಟ್ಟೆಯ ಚಿಪ್ಪು ತೆಳುವಾದರೆ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಡಿ.