ಮೈಕ್ ಆಮೇಲೆ ನೋಡೋಣ, ಮೊದಲು ಒಂದು ಪ್ಯಾನೆಲ್ ಬಾಯಲ್ಲಿ ಹೇಳಿ

ತುಮಕೂರಿನಲ್ಲಿ ಕೂತು ಕಾಮಿಕ್ಸ್, ಸೈನ್ಸ್ ಫಿಕ್ಷನ್, ಫೆಸ್ಟಿವಲ್ ಸಿನಿಮಾಗಳ ಬಗ್ಗೆ ಕನ್ನಡ ಪಾಡ್‌ಕಾಸ್ಟ್ ಮಾಡೋಕೆ 15,000 ರೂಪಾಯಿಯೊಳಗೆ ಯಾವ ಮೈಕ್ ಒಳ್ಳೇದು ಅಂತ ಕೇಳಿದ್ದೀರಿ. ಯಾವುದೂ ಬೇಡ. ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಓಡಾಡಿದೆ, ಮೈಕೂ ತಂದೆ. 9 ಕಂತು ಹಾಳಾದ ಮೇಲೆ ಗೊತ್ತಾಯಿತು, ತಪ್ಪು ಇದ್ದದ್ದು ಬೇರೆ ಕಡೆ.

ಮೊದಲ ಕಂತುಗಳನ್ನು ಫೋನಿನಲ್ಲೇ ರೆಕಾರ್ಡ್ ಮಾಡಿದ್ದೆ. ಕೇಳಿದವರೆಲ್ಲ "ಏನೂ ಸರಿಯಾಗಿ ತಿಳೀತಿಲ್ಲ" ಅಂದರು. ಶಬ್ದ ಸ್ಪಷ್ಟವಿಲ್ಲ ಅಂತ ಅಂದುಕೊಂಡು ಕಂಡೆನ್ಸರ್ ಮೈಕ್ ಕೊಂಡೆ. ಮನೆ ಬಿ.ಎಚ್. ರಸ್ತೆಗೆ ಹತ್ತಿರ. ಕಂಡೆನ್ಸರ್ ತುಂಬಾ ಸೂಕ್ಷ್ಮ, ಬಸ್ಸಿನ ಹಾರ್ನು, ಫ್ಯಾನಿನ ಗುಂಯ್‌ಗುಡುವಿಕೆ, ಬರಿಗೋಡೆಗೆ ಬಡಿದು ವಾಪಸ್ ಬಂದ ನನ್ನದೇ ದನಿ, ಎಲ್ಲವನ್ನೂ ಎಳೆದುಕೊಂಡಿತು. ಅದನ್ನು ಅಳಿಸಲು ನಾಯ್ಸ್ ರಿಡಕ್ಷನ್ ಜಾಸ್ತಿ ಹಾಕಿದೆ. ಸ, ಶ ಅಕ್ಷರಗಳು ನೀರಿನೊಳಗಿಂದ ಬಂದ ಹಾಗಾದವು. ಆಗಲೂ ಅದೇ ಮಾತು: ತಿಳೀತಿಲ್ಲ.

ಅವರಿಗೆ ನನ್ನ ಮಾತು ಮೊದಲಿಂದಲೂ ಕಿವಿಗೆ ಕೇಳಿಸುತ್ತಲೇ ಇತ್ತು. ಕಣ್ಣಿಗೆ ಕಟ್ಟುತ್ತಿರಲಿಲ್ಲ, ಅಷ್ಟೆ. ನಾನು ಕಾಮಿಕ್ಸ್ ಪುಟವನ್ನು ಸಾಮಾನು ಪಟ್ಟಿಯ ಹಾಗೆ ಓದುತ್ತಿದ್ದೆ: "ಎಡಗಡೆ ನೀಲಿ ರಾಕೆಟ್ ಇದೆ, ಹಿಂದೆ ಎರಡು ಚಂದ್ರ, ಕೆಳಗೆ ಮರಳು, ಬಲಗಡೆ ಮೂಲೆಯಲ್ಲಿ ಒಬ್ಬ ಮನುಷ್ಯ, ತುಂಬಾ ಚಿಕ್ಕವನು." ಇದರಲ್ಲಿ ಏನು ಕೆಟ್ಟಿದೆ ನೋಡಿ. ಪುಟ ನೋಡುವವನ ಕಣ್ಣಿಗೆ ಅಳತೆ ಮೊದಲು ಬೀಳುತ್ತದೆ. ಯಾವುದು ದೊಡ್ಡದು, ಯಾವುದು ಖಾಲಿ ಅನ್ನುವುದು ಒಂದೇ ನೋಟಕ್ಕೆ ಸಿಗುತ್ತದೆ. ಕಿವಿಗೆ ಹಾಗಿಲ್ಲ, ಒಂದಾದ ಮೇಲೆ ಒಂದು ಬರಬೇಕು. "ಮನುಷ್ಯ" ಅಂದ ತಕ್ಷಣ ಕೇಳುಗ ಆಳೆತ್ತರದ ಮನುಷ್ಯನನ್ನು ನಿಲ್ಲಿಸಿಕೊಂಡಿರುತ್ತಾನೆ. ಆಮೇಲೆ "ತುಂಬಾ ಚಿಕ್ಕವನು" ಅಂದರೆ ಕಟ್ಟಿದ್ದನ್ನೆಲ್ಲ ಕೆಡವಿ ಮತ್ತೆ ಕಟ್ಟಬೇಕು. ಪ್ರತಿ ಪ್ಯಾನೆಲ್‌ಗೂ, ಅಂದರೆ ಪುಟದ ಒಂದೊಂದು ಚೌಕಟ್ಟಿನ ಚಿತ್ರಕ್ಕೂ, ಹೀಗೆ ಕೆಡವಿಸಿದರೆ ಯಾರು ತಾನೇ ಕೂತು ಕೇಳುತ್ತಾರೆ?

ಅದೇ ಚಿತ್ರವನ್ನು ಈಗ ಹೀಗೆ ಹೇಳುತ್ತೇನೆ: "ಪುಟ ತಿರುಗಿಸಿದರೆ ಇಡೀ ಪುಟಕ್ಕೆ ಒಂದೇ ಚಿತ್ರ. ಮುಕ್ಕಾಲು ಪಾಲು ಬರೀ ಮರಳು. ಕೆಳಗಿನ ಮೂಲೆಯಲ್ಲಿ ಉಗುರಿನಷ್ಟು ಒಬ್ಬ ಮನುಷ್ಯ. ಮಾತಿಲ್ಲ." ರಾಕೆಟ್ಟೂ ಇಲ್ಲ, ಚಂದ್ರನೂ ಇಲ್ಲ, ಕಥೆಗೆ ಬೇಕಾದಾಗ ಬರುತ್ತವೆ. ಮೊದಲು ಅಳತೆ, ಆಮೇಲೆ ಖಾಲಿ ಜಾಗ, ಆಮೇಲೆ ಆಳು, ಕೊನೆಗೆ ಮಾತು. ಒಂದು ಪ್ಯಾನೆಲ್‌ಗೆ ನಾಲ್ಕು ವಾಕ್ಯ ಸಾಕು, ಅರ್ಧ ಗಂಟೆಯ ಕಂತಿಗೆ ಮೂರೇ ಪ್ಯಾನೆಲ್. ಎರಡು ಪ್ಯಾನೆಲ್ ನಡುವಿನ ಬಿಳಿ ಪಟ್ಟಿಗೆ ಒಂದೂವರೆ ಸೆಕೆಂಡ್ ಸುಮ್ಮನಿರಿ, ಎಡಿಟಿಂಗ್‌ನಲ್ಲಿ ಆ ಮೌನವನ್ನು ಕತ್ತರಿಸಬೇಡಿ. ಬರೆದಿದ್ದನ್ನು ಮನೆಯಲ್ಲಿ ಯಾರಿಗಾದರೂ ಓದಿ ಹೇಳಿ, ಹಾಳೆ ಕೊಟ್ಟು ಬಿಡಿಸಲು ಹೇಳಿ. ಮನುಷ್ಯನನ್ನು ದೊಡ್ಡದಾಗಿ ಬಿಡಿಸಿದರೆ ನೀವು ಅಳತೆಯನ್ನು ತಡವಾಗಿ ಹೇಳಿದ್ದೀರಿ ಅಂತ ಅರ್ಥ.

ಸೈನ್ಸ್ ಫಿಕ್ಷನ್‌ಗೆ ಈ ಕಷ್ಟವಿಲ್ಲ, ಅದು ಕಿವಿಗೆ ಒಗ್ಗುವ ಸರಕು. 'ಹಿಚ್‌ಹೈಕರ್ಸ್ ಗೈಡ್ ಟು ದ ಗ್ಯಾಲಕ್ಸಿ' ಅನ್ನುವ ಕಥೆ ಮೊದಲು 1978ರಲ್ಲಿ ಬಿಬಿಸಿ ರೇಡಿಯೋದಲ್ಲಿ ಬಂತು, ಪುಸ್ತಕವಾಗಿದ್ದು ಮರುವರ್ಷ. ಆದರೂ ಕಂತೊಂದಕ್ಕೆ ಎರಡಕ್ಕಿಂತ ಹೆಚ್ಚು ಹೊಸ ಗ್ರಹ, ಹೊಸ ಯಂತ್ರದ ಹೆಸರು ತರಬೇಡಿ. ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲೇ ಸೈನ್ಸ್ ಫಿಕ್ಷನ್ ಬರೆದಿರುವಾಗ ಇಂಗ್ಲಿಷ್ ಪುಸ್ತಕದಿಂದ ಶುರು ಮಾಡುವುದೂ ನನಗೆ ಒಪ್ಪಿಗೆಯಿಲ್ಲ.

ಫೆಸ್ಟಿವಲ್ ಸಿನಿಮಾ ಅಂದರೆ ಕೇಳುಗರು ನೋಡಿರುವುದಿಲ್ಲ. ಹಾಗಂತ ಕಥೆ ಪೂರ್ತಿ ಹೇಳಿದರೆ ಕೇಳುಗರಿಗೆ ಸಿನಿಮಾನೂ ಇಲ್ಲ, ಚರ್ಚೆನೂ ಇಲ್ಲ. ಒಂದು ಶಾಟ್ ಹಿಡಿದುಕೊಳ್ಳಿ. ಬೆಂಗಳೂರಿನ ಚಿತ್ರೋತ್ಸವಕ್ಕೆ ಹೋದಾಗ ಕ್ಯಾಮೆರಾ ಕದಲದೆ ನಿಂತ ಕಡೆ ಮನಸ್ಸಿನಲ್ಲೇ ಸೆಕೆಂಡ್ ಎಣಿಸಿ, ಹೊರಗೆ ಬಂದ ಕೂಡಲೇ ಬರೆದಿಡಿ. "ನಿಧಾನದ ಚಿತ್ರ" ಅನ್ನುವುದಕ್ಕಿಂತ "ಬಾಗಿಲು ಮುಚ್ಚಿದ ಮೇಲೂ 40 ಸೆಕೆಂಡ್ ಬಾಗಿಲನ್ನೇ ತೋರಿಸುತ್ತಾರೆ" ಅಂದರೆ ಕೇಳುಗನಿಗೆ ಆ ನಿಧಾನ ಮುಟ್ಟುತ್ತದೆ. ಮೊದಲ ಕಂತಿಗೆ 'ತಿಥಿ'ಯಂಥದ್ದು ತಗೊಳ್ಳಿ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೋಲ್ಡನ್ ಲೆಪರ್ಡ್ ಪ್ರಶಸ್ತಿ ಗೆದ್ದ ಕನ್ನಡ ಚಿತ್ರ, ನಮ್ಮವರಿಗೆ ಸಬ್‌ಟೈಟಲ್ ಬೇಕಿಲ್ಲ.

ಸಿನಿಮಾದ ತುಣುಕು, ಹಾಡು ಹಾಕುವ ಆಸೆ ಬಿಡಿ. 30 ಸೆಕೆಂಡ್ ಒಳಗಿದ್ದರೆ ಪರವಾಗಿಲ್ಲ ಅನ್ನುವ ನಿಯಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ವಿಮರ್ಶೆಗೆ ವಿನಾಯಿತಿ ಇದೆ ನಿಜ, ಆದರೆ ಅಪ್‌ಲೋಡ್ ಆದ ಹಾಡನ್ನು ಹಿಡಿಯುವ ಯಂತ್ರಕ್ಕೆ ಅದು ವಿಮರ್ಶೆ ಅಂತ ಗೊತ್ತಾಗುವುದಿಲ್ಲ.

ಇನ್ನು ಶಬ್ದದ ವಿಷಯ, ಅದಕ್ಕೆ ಫೋನೇ ಸಾಕು. ರಾತ್ರಿ 10ರ ಮೇಲೆ, ಫ್ಯಾನ್ ಆರಿಸಿ, ಎದುರಿಗೂ ಬೆನ್ನ ಹಿಂದೂ ದಪ್ಪ ರಜಾಯಿ ನೇತುಹಾಕಿ. ಫೋನ್ ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿರಲಿ. ನೇರ ಹಿಡಿದರೆ ಪ, ಫ, ಭ ಬಂದಾಗಲೆಲ್ಲ ಉಸಿರು ಬಡಿಯುತ್ತದೆ. ಬ್ಲೂಟೂತ್ ನೆಕ್‌ಬ್ಯಾಂಡಿನ ಮೈಕ್ ಖಂಡಿತ ಬೇಡ, ಅದು ದನಿಯ ಮೇಲಿನ ಸ್ತರವನ್ನು ಕತ್ತರಿಸುತ್ತದೆ, ಸ-ಶ ವ್ಯತ್ಯಾಸ ಇರುವುದೇ ಅಲ್ಲಿ. ಶುರುವಿನಲ್ಲಿ 10 ಸೆಕೆಂಡ್ ಬರೀ ಕೋಣೆಯ ಮೌನ ರೆಕಾರ್ಡ್ ಮಾಡಿಕೊಳ್ಳಿ, ಕತ್ತರಿಸಿದ ಜಾಗಕ್ಕೆ ತೇಪೆ ಹಾಕಲು ಬೇಕಾಗುತ್ತದೆ. ಆಡಾಸಿಟಿ ಅನ್ನುವ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ 80 ಹರ್ಟ್ಸ್ ಕೆಳಗಿನ ಗುಡುಗುಡು ಸದ್ದನ್ನು ತೆಗೆಯಿರಿ, ಮೊನೊ (ಒಂದೇ ಚಾನೆಲ್) ಇಡಿ, ಲೌಡ್‌ನೆಸ್ ಮೈನಸ್ 19 ಎಲ್‌ಯುಎಫ್‌ಎಸ್ (ದನಿ ಎಷ್ಟು ಜೋರು ಅಂತ ಅಳೆಯುವ ಮಾನ) ಇರಲಿ, ಫೈಲನ್ನು 96 ಕೆಬಿಪಿಎಸ್ ಎಂಪಿ3 ಆಗಿ ಉಳಿಸಿ. ಅರ್ಧ ಗಂಟೆಗೆ ಸುಮಾರು 22 ಎಂಬಿ ಆಗುತ್ತದೆ.

ಹಾಕುವ ಮುಂಚೆ ಒಂದು ಬೆಳಿಗ್ಗೆ ಬೆಂಗಳೂರು ರೈಲಿನಲ್ಲಿ, ಅಗ್ಗದ ಇಯರ್‌ಫೋನಿನಲ್ಲಿ ಕೇಳಿ. ನಮ್ಮೂರಲ್ಲಿ ಇಂಥದ್ದನ್ನು ಕೇಳುವವರು ಬಹಳ ಜನ ಅಲ್ಲೇ ನಿಂತಿರುತ್ತಾರೆ. ಕ್ಯಾತ್ಸಂದ್ರ ದಾಟಿ ದಾಬಸ್‌ಪೇಟೆ ಬರುವಷ್ಟರಲ್ಲಿ ನಿಮ್ಮ ಮಾತೇ ನಿಮಗೆ ಎಲ್ಲಿ ತಪ್ಪಿಹೋಯಿತೋ ಆ ನಿಮಿಷ ಬರೆದುಕೊಂಡು, ಮನೆಗೆ ಬಂದು ಅಲ್ಲಿನ ವಾಕ್ಯ ಬದಲಿಸಿ.