ಸಂಸತ್ತು ಹೇಳಿದರೆ ಸುರಕ್ಷಿತವೇ?

ಪತ್ರ: ಯುರೋಪಿನಲ್ಲಿ ಜನ ಓಟು ಹಾಕಿ ಆರಿಸಿದ ಸರ್ಕಾರಗಳು ವಲಸಿಗರು ಬೇಡವೆಂದರೆ, ಯಾರೂ ಆರಿಸದ ನ್ಯಾಯಾಧೀಶರು ಮಾನವ ಹಕ್ಕಿನ ಹೆಸರಿನಲ್ಲಿ ಅಡ್ಡಗಾಲು ಹಾಕುವುದೇಕೆ? ಇದನ್ನು ಪಾಪ್ಯುಲಿಸಂ (ಜನರ ಭಾವನೆ ಕೆರಳಿಸಿ ಓಟು ಗಳಿಸುವ ರಾಜಕೀಯ) ಎಂದು ಹೀಗಳೆಯುವ ನೀವು ಪ್ರಜಾಪ್ರಭುತ್ವದ ಪರವೋ, ವಿರೋಧವೋ?

ಉತ್ತರ: ಖಾರವಾದ ಪತ್ರ, ಅದಕ್ಕೇ ಆರಿಸಿಕೊಂಡೆ. ಗಡಿಯೊಳಗೆ ಯಾರು ಬರಬೇಕೆಂದು ತೀರ್ಮಾನಿಸುವ ಅಧಿಕಾರ ದೇಶಕ್ಕಿದೆ. ಬಂದವರಿಗೆ ಮನೆ, ಶಾಲೆ, ಆಸ್ಪತ್ರೆ ಹೊಂದಿಸಬೇಕಾದ ಊರಿನವರ ತಾಪತ್ರಯವೂ ಸುಳ್ಳಲ್ಲ. ಅಷ್ಟು ಒಪ್ಪಿದೆ.

ಆದರೆ 'ಯಾರೂ ಆರಿಸದವರು' ಎಂಬ ಮೂದಲಿಕೆ ಬೇಡ ಸ್ವಾಮಿ. ಬ್ರಿಟನ್ನಿನ ಕಥೆಯನ್ನೇ ನೋಡಿ. ಆಶ್ರಯ ಕೇಳಿ ಬಂದವರನ್ನು ಆಫ್ರಿಕಾದ ರುವಾಂಡಾಕ್ಕೆ ಸಾಗಹಾಕುವ ಯೋಜನೆಯನ್ನು 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ತಳ್ಳಿಹಾಕಿತು. ಪ್ರಾಣಭಯದಿಂದ ಓಡಿಬಂದವರನ್ನು ರುವಾಂಡಾ ಮತ್ತೆ ಅಲ್ಲಿಗೇ ಅಟ್ಟುವ ಅಪಾಯವಿದೆ ಎಂಬುದು ಕಾರಣ. ಹಿಂದೆ ಇಸ್ರೇಲ್ ಕಳಿಸಿದವರ ವಿಷಯದಲ್ಲಿ ರುವಾಂಡಾ ಕೊಟ್ಟ ಮಾತು ಉಳಿಸಿಕೊಂಡಿರಲಿಲ್ಲ. ಸರ್ಕಾರ ಏನು ಮಾಡಿತು ಗೊತ್ತೇ? 2024ರ ಏಪ್ರಿಲಿನಲ್ಲಿ ಕಾಯ್ದೆಯನ್ನೇ ತಂದಿತು: ರುವಾಂಡಾ ಸುರಕ್ಷಿತ, ಕೋರ್ಟುಗಳೂ ಹಾಗೆಂದೇ ಪರಿಗಣಿಸತಕ್ಕದ್ದು! ಮಳೆ ನಿಂತಿದೆಯೆಂದು ಠರಾವು ಪಾಸು ಮಾಡಿ ಕೊಡೆ ಕಿತ್ತುಕೊಂಡ ಹಾಗೆ. ಜುಲೈನಲ್ಲಿ ಬಂದ ಹೊಸ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಸುಮಾರು 70 ಕೋಟಿ ಪೌಂಡ್ ಖರ್ಚಾಗಿತ್ತೆಂದು ಹೊಸ ಗೃಹ ಸಚಿವೆ ಸಂಸತ್ತಿಗೆ ತಿಳಿಸಿದರು. ಅಲ್ಲಿಗೆ ಹೋದವರು ನಾಲ್ಕು ಜನ, ಅವರೂ ತಾವಾಗಿಯೇ ಒಪ್ಪಿ ಹೋದವರು.

ಇನ್ನು ಹಳೆಯದು. 1938ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್‌ನಲ್ಲಿ 32 ದೇಶಗಳು ಸೇರಿ, ಹಿಟ್ಲರನಿಂದ ತಪ್ಪಿಸಿಕೊಂಡ ಯಹೂದಿಗಳ ಬಗ್ಗೆ ಲೊಚಗುಟ್ಟಿದವು. ದೊಡ್ಡ ಸಂಖ್ಯೆಯಲ್ಲಿ ಬರಮಾಡಿಕೊಳ್ಳುತ್ತೇವೆ ಎಂದದ್ದು ಡೊಮಿನಿಕನ್ ಗಣರಾಜ್ಯ ಮಾತ್ರ. ಬ್ರಿಟನ್, ಫ್ರಾನ್ಸ್, ಅಮೆರಿಕಗಳಲ್ಲಿ ಆಗಲೂ ಇದ್ದದ್ದು ಜನ ಆರಿಸಿದ ಸರ್ಕಾರಗಳೇ ಅಲ್ಲವೇ? ಅಪಾಯವಿರುವಲ್ಲಿಗೆ ನಿರಾಶ್ರಿತರನ್ನು ತಿರುಗಿ ದೂಡಬಾರದೆಂಬ 1951ರ ಅಂತರರಾಷ್ಟ್ರೀಯ ನಿರಾಶ್ರಿತರ ಒಡಂಬಡಿಕೆಯ 33ನೇ ವಿಧಿಯನ್ನು ಬರೆದವರಿಗೆ ಬಹುಮತದ ರುಚಿ ಚೆನ್ನಾಗಿಯೇ ಗೊತ್ತಿತ್ತು.

ನನ್ನ ಸಿಟ್ಟು, ವಲಸಿಗರು ಬೇಡವೆಂದು ಹಂಗರಿಯಲ್ಲಿ ಪ್ರಧಾನಿಯಾಗಿ ಆಳಿದ ಓರ್ಬಾನ್ ಮೇಲೆ ಅಷ್ಟಿಲ್ಲ. ಅವರದು ಮುಚ್ಚುಮರೆಯಿಲ್ಲದ ಆಟ. ಆಶ್ರಯದ ನಿಯಮ ಮುರಿದದ್ದಕ್ಕೆ 2024ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಹಂಗರಿಗೆ 20 ಕೋಟಿ ಯೂರೊ ದಂಡ ಹಾಕಿತು, ಪಾಲಿಸದಿದ್ದರೆ ದಿನಕ್ಕೆ ಇನ್ನೂ 10 ಲಕ್ಷ. ಮೈ ಉರಿಯುವುದು ಸಭ್ಯ ಪಕ್ಷಗಳನ್ನು ಕಂಡರೆ. ಡೆನ್ಮಾರ್ಕಿನಲ್ಲಿ 2016ರಲ್ಲಿ, ಆಶ್ರಯ ಕೇಳುವವರ ಬಳಿ 10,000 ಕ್ರೋನರ್‌ಗಿಂತ ಹೆಚ್ಚಿನ ಹಣ, ಒಡವೆ ಇದ್ದರೆ ವಶಪಡಿಸಿಕೊಳ್ಳುವ ಕಾನೂನು ಬಂತು. ಗದ್ದಲವಾದ ಮೇಲೆ ಮದುವೆಯುಂಗುರಕ್ಕೆ ವಿನಾಯಿತಿ! ಅದಕ್ಕೆ ಕೈಯೆತ್ತಿದವರಲ್ಲಿ ಎಡಪಂಥದ ಕಡೆಯ ಸೋಷಿಯಲ್ ಡೆಮಾಕ್ರಾಟರೂ ಇದ್ದರು. ಪಾಪ್ಯುಲಿಸ್ಟರು ಗದ್ದುಗೆ ಏರಬೇಕೆಂದೇನಿಲ್ಲ, ಎಲ್ಲಿ ಏರಿಬಿಡುತ್ತಾರೋ ಎಂಬ ಪುಕ್ಕಲುತನವೇ ಅವರ ಕೆಲಸ ಮಾಡಿಕೊಡುತ್ತದೆ.

ನಮ್ಮ ಪತ್ರಿಕಾಲೋಕವೂ ಕಡಿಮೆಯದೇನಲ್ಲ. ನಾಲ್ಕು ಜನ ಹೋದ ರುವಾಂಡಾ ಯೋಜನೆಗೆ ಎರಡು ವರ್ಷ ಮುಖಪುಟ. ಅದೇ 2021ರಲ್ಲಿ, ವೆನೆಜುವೆಲಾದಿಂದ ಬಂದಿದ್ದ ಸುಮಾರು 17 ಲಕ್ಷ ಜನರಿಗೆ ಕೊಲಂಬಿಯಾದ ಅಧ್ಯಕ್ಷ ಇವಾನ್ ಡೂಕೆ 10 ವರ್ಷ ಇರಲು, ದುಡಿಯಲು ದಾರಿ ಮಾಡಿಕೊಟ್ಟದ್ದು ಎಷ್ಟು ಪತ್ರಿಕೆಗಳಲ್ಲಿ ಬಂತು? ಡೂಕೆ ಬಲಪಂಥೀಯರು, ನೆನಪಿರಲಿ. ಜನರ ಓಟಿನಿಂದಲೇ ಗೆದ್ದವರು. ಮುಂದಿನ ಪತ್ರದಲ್ಲಿ ಅವರ ಬಗ್ಗೆಯೂ ಎರಡು ಮಾತು ಬರೆಯಿರಿ, ಖಂಡಿತ ಅಚ್ಚು ಹಾಕುತ್ತೇನೆ.